ಎರಿ ನೆಲದ ಸಂಚಿತ

ನಮ್ಮ ಕಡೆ ಶ್ರಾವಣ ಬಂತೆಂದರೆ ಊರೂರ ಮಠಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುತ್ತದೆ. ಹೊಲದಿಂದ ಬಂದವರು ಕೈಕಾಲು ತೊಳೆದುಕೊಂಡು, ಬುತ್ತಿಗಂಟು ಮನೆಯಲ್ಲಿಟ್ಟು ಬಂದು ಕೂಡ್ರುತ್ತಾರೆ. ಶಾಸ್ತ್ರಿಗಳು ಹೇಳುತ್ತಾರೆ, ನಡುನಡುವೆ ಹಾರ್ಮೋನಿಯಂ ತಬಲಾದ ಜೊತೆ ಹಾಡು. ಅಲ್ಲಿ ನಾನು ಚಿಕ್ಕಂದಿನಿಂದ ಕೇಳುತ್ತ ಬಂದ ಒಂದು ಮಾತಿದೆ. ಹಿಂದಿನ ಜನ್ಮಗಳಲ್ಲಿ ಮಾಡಿದ್ದೆಲ್ಲ ಸಂಚಿತವಾಗಿ, ನೆಲದಲ್ಲಿ ಬಿದ್ದ ಬೀಜದ ಹಾಗೆ ಕಾದಿರುತ್ತದೆ, ಕಾಲದ ಮಳೆ ಬಿದ್ದ ದಿನ ಮೊಳೆಯದೆ ಬಿಡುವುದಿಲ್ಲ, ಮೊಳೆತದ್ದನ್ನು ಉಣ್ಣದೆ ನಮಗೆ ಬಿಡುಗಡೆಯಿಲ್ಲ ಎಂಬ ಮಾತು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯಲ್ಲಿ ಹುಟ್ಟಿ, ಆಳಂದ ತಾಲ್ಲೂಕಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ, ಈಗ ಜೇವರ್ಗಿಯಲ್ಲಿ ನೆಲೆಸಿರುವ ನನಗೆ ಈ ಮಾತಿನ ಮೊದಲರ್ಧ ಹಿಡಿಸುತ್ತದೆ. ಕೊನೆಯರ್ಧವನ್ನು ಒಪ್ಪಲಾರೆ. ನೆಲದಲ್ಲಿ ಬಿದ್ದ ಬೀಜಕ್ಕೆ ನಿಜಕ್ಕೂ ಏನಾಗುತ್ತದೆ ಎಂದು ನೋಡಿದವರು ಕರ್ಮದ ಬಗ್ಗೆ ಬೇರೆಯೇ ಮಾತು ಆಡಬೇಕಾಗುತ್ತದೆ.

ಇದು ಪಂಡಿತರ ತರ್ಕವಷ್ಟೇ ಆಗಿದ್ದರೆ ನಾನು ಬರೆಯಲು ಕೂಡ್ರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ತೊಗರಿ ನೆಟೆ ರೋಗಕ್ಕೆ ಒಣಗಿಹೋದ ವರ್ಷ ಸಾಲದ ಭಾರ ತಾಳದೆ ಅವಳ ಗಂಡ ಜೀವ ಕಳೆದುಕೊಂಡ. ಮಾತಾಡಿಸಲು ಬಂದ ಹಿರಿಯಳೊಬ್ಬಳು ಅವಳ ತಲೆ ಸವರುತ್ತ, “ನಿನ್ನ ಸಂಚಿತ ಇತ್ತವ್ವಾ, ಉಣ್ಣಲೇಬೇಕು. ಯಾರ ಕೈಯಾಗ ಏನದ?” ಎಂದಳು. ಆ ಹಿರಿಯಳ ಮನಸ್ಸಿನಲ್ಲಿದ್ದುದು ಕರುಣೆಯೇ. ಆದರೆ ಗಂಡನ ಸಾವು ತಾನೇ ಯಾವುದೋ ಜನ್ಮದಲ್ಲಿ ಮಾಡಿದ ತಪ್ಪಿನ ಫಲ ಎಂದು ಈ ಹುಡುಗಿ ಇವತ್ತಿಗೂ ನಂಬಿದ್ದಾಳೆ. ಒಂದು ಬೀಜದ ದೃಷ್ಟಾಂತಕ್ಕೆ ಇಷ್ಟು ಬಲವಿದೆ ಎಂದಾದರೆ ಆ ಬೀಜ ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂದು ತಿಳಿಯುವುದು ಧರ್ಮದ ಕೆಲಸವೇ.

ನೆಲದೊಳಗಿನ ಬೀಜದ ಬಗ್ಗೆ ಇನ್ನೊಂದು ನಂಬಿಕೆಯೂ ನಮ್ಮ ಕಡೆ ಇದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ಕಾಡೆನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಕಲಬುರಗಿ ಜಿಲ್ಲೆಯ ಕಾಡು ಬಹುಪಾಲು ಉಳಿದಿರುವುದು ಪೂರ್ವಕ್ಕೆ, ಚಿಂಚೋಳಿ–ಕೊಂಚಾವರಂ ಕಡೆಗೆ. ಅಲ್ಲಿ ಸುಮಾರು 135 ಚದರ ಕಿಲೋಮೀಟರ್ ಪ್ರದೇಶ 2011ರಲ್ಲಿ ವನ್ಯಧಾಮವಾಯಿತು. ನಮ್ಮ ಕಡೆ ಕಣ್ಣು ಹಾಯುವಷ್ಟೂ ಎರಿ ಭೂಮಿ. ತೊಗರಿ, ಹಿಂಗಾರಿ ಜೋಳ, ಹತ್ತಿ, ಹೊಳೆ ದಂಡೆಗೆ ಕಬ್ಬು. ಮರವೆಂದರೆ ಒಡ್ಡಿನ ಮೇಲಿನ ಜಾಲಿ, ಬಾವಿ ಹತ್ತಿರದ ಬೇವು, ಗುಡಿ ಮುಂದಿನ ಅರಳಿ. ಹಳ್ಳದ ತುಂಬ ಬಳ್ಳಾರಿ ಜಾಲಿ. ಶಾಲೆಯ ಮಕ್ಕಳನ್ನು ಚಿಂಚೋಳಿ ಕಡೆ ಪ್ರವಾಸಕ್ಕೆ ಕರೆದೊಯ್ದಾಗ ಒಬ್ಬ ಹುಡುಗ ಕೇಳಿದ: “ಅಕ್ಕೋರೆ, ನಮ್ಮ ಕಡಿ ಅಡವಿ ಎಲ್ಲಿ ಹೋಗ್ಯಾದ್ರಿ?” ನನಗಿಂತ ಮೊದಲೇ ಜೊತೆಗೆ ಬಂದಿದ್ದ ನಮ್ಮ ಜವಾನ ಕಾಕಾ ಉತ್ತರ ಕೊಟ್ಟರು: “ಎಲ್ಲಿಗೂ ಹೋಗಿಲ್ಲೋ ತಮ್ಮಾ, ನೆಲದಾಗೇ ಅದ. ರಂಟಿ ಹೊಡೆಯೋದು ಬಿಟ್ರ ತಾನಾಗೇ ಎದ್ದು ಬರ್ತದ.”

ಶಾಸ್ತ್ರಿಗಳ ಮಾತು ಹೆದರಿಸುತ್ತದೆ, ಕಾಕಾನ ಮಾತು ಸಮಾಧಾನ ಕೊಡುತ್ತದೆ. ಎರಡರ ಬುಡದಲ್ಲಿರುವ ನಂಬಿಕೆ ಮಾತ್ರ ಒಂದೇ: ನೆಲದೊಳಗೆ ಹೋದದ್ದು ಕಳೆದುಹೋಗುವುದಿಲ್ಲ, ಬಂದೇ ಬರುತ್ತದೆ.

ಅದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಶಾಲೆ ಬೇಕಿರಲಿಲ್ಲ. ಚಾರ್ಲ್ಸ್ ಡಾರ್ವಿನ್ ಒಂದು ಕೆರೆಯಂಚಿನ ಕೆಸರನ್ನು ಮೂರು ಚಮಚದಷ್ಟು ತಂದು ತನ್ನ ಓದುವ ಕೋಣೆಯಲ್ಲಿ ಮುಚ್ಚಿಟ್ಟಿದ್ದ. ಆರು ತಿಂಗಳಲ್ಲಿ ಮೊಳೆತ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸಿದರೆ 537. ಇದನ್ನು ಅವನು 1859ರ ‘ಜೀವಿಗಳ ಉಗಮ’ ಪುಸ್ತಕದಲ್ಲೇ ಬರೆದಿದ್ದಾನೆ. ನಮ್ಮ ಮಕ್ಕಳೂ ಹಾಗೆಯೇ ಮಣ್ಣು ತಂದರು. ಕೆಲವರು ತೊಗರಿ ಹೊಲದಿಂದ, ಕೆಲವರು ಕಲ್ಲು ಮಡ್ಡಿಯಿಂದ, ಇನ್ನು ಕೆಲವರು ಊರ ಹೊರಗಿನ ಹೂಳುವ ಜಾಗದಿಂದ. ಬಾಗಿಲ ಪಕ್ಕದಲ್ಲಿ ಹಳೆಯ ತಗಡಿನ ತಟ್ಟೆಗಳಲ್ಲಿ ಹರಡಿ, ದಿನಾ ನೀರು ಚಿಮುಕಿಸಿ ಕಾದೆವು. ಹೊಲದ ಮಣ್ಣಿನಲ್ಲಿ ಕಾಂಗ್ರೆಸ್ ಕಸ ಮೊದಲು ಬಂತು. ಹಿಂದೆಯೇ ರಾಜಗಿರಿ, ಗೋಳಿ ಪಲ್ಯ. ಹೂಳುವ ಜಾಗದ ಮಣ್ಣು ಎಲ್ಲಕ್ಕಿಂತ ಶ್ರೀಮಂತವಾಗಿತ್ತು. ತಲೆಮಾರುಗಳಿಂದ ರಂಟಿ ಕಾಣದ ನೆಲ ಅದು. ಹೆಸರು ಹಿಡಿಯಲಾಗದಷ್ಟು ಬಗೆಯ ಹುಲ್ಲು, ತಗಚಿ, ತಂಗಡಿ, ಒಂದೆರಡು ಜಾಲಿ ಸಸಿ. ಆಳಂದದ ಕಡೆಯ ಒಬ್ಬ ಹುಡುಗಿ ಖಬರಸ್ತಾನದ ಮೂಲೆಯಿಂದ ತಂದ ಮಣ್ಣಿನಲ್ಲೂ ಹೆಚ್ಚುಕಡಿಮೆ ಇದೇ ಸಂಸಾರ. ಸತ್ತವರನ್ನು ಮಣ್ಣಿಗೆ ಕೊಡುವ ಎರಡೂ ಸಮುದಾಯಗಳು ತಮಗೇ ತಿಳಿಯದೆ ಊರಿನ ಹುಲ್ಲುಗಾವಲಿನ ಕೊನೆಯ ತುಣುಕುಗಳನ್ನು ಕಾಯ್ದಿಟ್ಟಿವೆ ಎಂದು ಅವತ್ತು ನನಗೆ ಗೊತ್ತಾಯಿತು.

ಆದರೆ ಬಾರದೆ ಉಳಿದದ್ದೇ ನನ್ನನ್ನು ಹೆಚ್ಚು ಕಾಡಿತು. ಹೂಳುವ ಜಾಗದ ಮಣ್ಣನ್ನು ಮಕ್ಕಳು ಕೆದರಿದ್ದು ದೊಡ್ಡ ಬೇವಿನ ಮರದ ಬುಡದಲ್ಲಿ. ವರ್ಷವರ್ಷವೂ ಅಲ್ಲಿ ರಾಶಿ ರಾಶಿ ಬೇವಿನ ಹಣ್ಣು ಉದುರುತ್ತದೆ. ತಟ್ಟೆಯಲ್ಲಿ ಒಂದೂ ಬೇವಿನ ಮೊಳಕೆ ಇಲ್ಲ. ಕಾರಣ ಸರಳ. ಬೇವಿನ ಬೀಜದಲ್ಲಿ ಎಣ್ಣೆಯಿದೆ, ಹಸಿಯಿದೆ, ಗಟ್ಟಿ ಕವಚವಿಲ್ಲ. ಉದುರಿದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವಾದರೆ ಕೊಳೆಯಬೇಕು. ದೊಡ್ಡ ಮರಗಳಲ್ಲಿ ಬಹಳಷ್ಟರ ಬೀಜ ಹೀಗೆಯೇ. ನೆಲದೊಳಗೆ ವರ್ಷಗಟ್ಟಲೆ ಕಾಯುವ ತಾಕತ್ತು ಇರುವುದು ಹೆಚ್ಚಾಗಿ ಸಣ್ಣವರಿಗೆ, ಅಂದರೆ ಹುಲ್ಲಿಗೆ, ಕಸಕ್ಕೆ, ಕುರುಚಲಿಗೆ. ಜಾಲಿ, ತಂಗಡಿ, ತಗಚಿಯ ಹಾಗೆ ಕಾಯಿಯೊಳಗೆ ಕಲ್ಲಿನಂಥ ಬೀಜ ಕಟ್ಟುವ ಗಿಡಗಳೂ ಕಾಯುತ್ತವೆ. ತೇಗದ ಗಟ್ಟಿ ಕಾಯಿಯೂ ಕೆಲವು ವರ್ಷ ಕಾದು, ಬೆಂಕಿಯೋ ಬಿಸಿಲೋ ತಾಗಿದ ಮೇಲೆ ಒಡೆಯುತ್ತದೆ. ಉಳಿದಂತೆ ನಮ್ಮ ಒಣ ಸೀಮೆಯ ಕಡಿದ ಕಾಡು ಹಿಂತಿರುಗುವುದು ಬಹುಮಟ್ಟಿಗೆ ಮೋಟಿನ ಚಿಗುರಿನಿಂದ, ಬೇರಿನ ಕುಡಿಯಿಂದ, ಹಕ್ಕಿ ಪ್ರಾಣಿಗಳು ಹೊತ್ತು ತರುವ ಬೀಜದಿಂದ.

ಹಾಗಾಗಿ ಕಾಕಾನ ಮಾತು ಅರ್ಧ ನಿಜ. ರಂಟಿ ನಿಲ್ಲಿಸಿದರೆ ಏನೋ ಎದ್ದು ಬರುತ್ತದೆ, ಆದರೆ ಬರುವುದು ಇಡೀ ಅಡವಿ ಅಲ್ಲ. ಮೊದಲು ಕಸ, ಆಮೇಲೆ ಹುಲ್ಲು, ಆಮೇಲೆ ಮುಳ್ಳು. ಅವು ಮಣ್ಣು ಹಿಡಿದು ನಿಲ್ಲಿಸುತ್ತವೆ, ಬಿಸಿಲು ತಗ್ಗಿಸುತ್ತವೆ. ಜಾಲಿಯ ಟೊಂಗೆ ಎದ್ದ ಮೇಲೆ ಗೊರವಂಕ, ಕಾಗೆ, ಪಿಕಳಾರ ಬಂದು ಕೂಡ್ರುತ್ತವೆ. ಬೇರೆಲ್ಲೋ ತಿಂದ ಬಾರಿ, ಬೇವು, ಅತ್ತಿಯ ಬೀಜವನ್ನು ಅಲ್ಲಿ ಉದುರಿಸುತ್ತವೆ. ನೆಲದೊಳಗಿನದು ಜಾಗ ಮಾಡಿಕೊಡುತ್ತದೆ, ದೊಡ್ಡ ಮರ ಹೊರಗಿನಿಂದ ಬರಬೇಕು. ಸುತ್ತ ಹತ್ತು ಹರದಾರಿ ಒಂದೂ ದೊಡ್ಡ ಮರವಿಲ್ಲದಿದ್ದರೆ, ಹಕ್ಕಿಯ ಹೊಟ್ಟೆಯಲ್ಲೂ ತರುವುದಕ್ಕೆ ಏನಿರುತ್ತದೆ?

ಕಾಯುವ ಬೀಜಗಳ ಕಾಯುವಿಕೆಯೂ ಪುರಾಣದಲ್ಲಿ ಹೇಳುವಷ್ಟು ಸುಲಭದ್ದಲ್ಲ. ಮಳೆ ಬಿದ್ದ ಮಾತ್ರಕ್ಕೆ ಅವು ಏಳುವುದಿಲ್ಲ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಹ್ಯಾರಿ ಬಾರ್ತ್‌ವಿಕ್ ಮತ್ತು ಸಂಗಡಿಗರು ಲೆಟ್ಯೂಸ್ ಸೊಪ್ಪಿನ ಬೀಜದ ಮೇಲೆ ಬೆಳಕು ಬಿಟ್ಟು ನೋಡಿದರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯುತ್ತದೆ. ಅದರ ಬೆನ್ನಿಗೇ ಕಣ್ಣಿಗೆ ಕಾಣಲಾರದಷ್ಟು ಮಂದವಾದ ಕಡುಗೆಂಪು ಬಿದ್ದರೆ ಹಿಂಜರಿಯುತ್ತದೆ. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನ ಮಾತನ್ನೇ ಅದು ಕೇಳುತ್ತದೆ. ಹಸಿರೆಲೆ ಕೆಂಪನ್ನು ಹೀರಿಕೊಂಡು ಕಡುಗೆಂಪನ್ನು ಕೆಳಗೆ ಬಿಡುತ್ತದೆ. ಆದ್ದರಿಂದ ಸಾಸಿವೆಗಿಂತ ಸಣ್ಣ ಬೀಜಕ್ಕೂ ತನ್ನ ತಲೆಯ ಮೇಲೆ ಬೇರೆಯವರ ನೆರಳಿದೆಯೋ ಬಯಲಿದೆಯೋ ಎಂದು ತಿಳಿಯುತ್ತದೆ. ನೆರಳಿದ್ದರೆ ತಡೆದು ನಿಲ್ಲುತ್ತದೆ. ನೆಲದಲ್ಲಿ ಏನಿದೆ ಎನ್ನುವುದು ಅರ್ಧ ಪ್ರಶ್ನೆ. ಅದರ ಮೇಲೆ ನಾವು ಯಾವ ಬೆಳಕು ಬೀಳಗೊಡುತ್ತೇವೆ ಎನ್ನುವುದು ಉಳಿದರ್ಧ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತಲೂ ಆಳಕ್ಕೆ ಕರೆದೊಯ್ದಿತು. ಜೋಳದ ಬೇರಿಗೆ ಗಂಟುಬಿದ್ದು ರಸ ಹೀರುವ, ಬಿಳಿ ಹೂವಿನ ಒಂದು ಕಸವಿದೆ. ಪುಸ್ತಕಗಳಲ್ಲಿ ಅದಕ್ಕೆ ಸ್ಟ್ರೈಗಾ ಎನ್ನುತ್ತಾರೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಧೂಳಿನಷ್ಟು ಸಣ್ಣವು. ಅವು ನೆಲದಲ್ಲಿ ಹತ್ತು ವರ್ಷ ಮೀರಿಯೂ ಜೀವ ಹಿಡಿದಿರಬಲ್ಲವು. ನೀರು ಸಿಕ್ಕರೂ ಮೊಳೆಯುವುದಿಲ್ಲ. ಹತ್ತಿರದಲ್ಲಿ ಗಿಡದ ಬೇರು ಬೆಳೆದು, ಆ ಬೇರು ಮಣ್ಣಿಗೆ ಬಿಡುವ ಒಂದು ರಾಸಾಯನಿಕ ತಾಗಿದಾಗ ಮಾತ್ರ ಏಳುತ್ತವೆ. ಇಷ್ಟಾದರೆ ಇದು ಪುರಾಣದ ಕರ್ಮವೇ ಸರಿ: ಹತ್ತು ವರ್ಷ ಹುದುಗಿದ್ದು, ತನ್ನ ಬಲಿ ಬಂದ ಹೊತ್ತಿಗೆ ಎದ್ದು ಹಿಡಿಯುವ ಕೇಡು. ಆದರೆ 1966ರಲ್ಲಿ ವಿಜ್ಞಾನಿಗಳು ಆ ರಾಸಾಯನಿಕವನ್ನು ಮೊದಲು ಬೇರ್ಪಡಿಸಿದ್ದು ಜೋಳದ ಬೇರಿನಿಂದ ಅಲ್ಲ, ಹತ್ತಿಯ ಬೇರಿನಿಂದ. ಹತ್ತಿಯನ್ನು ಸ್ಟ್ರೈಗಾ ತಿನ್ನಲಾರದು. ಹತ್ತಿ ಬಿತ್ತಿದ ಹೊಲದಲ್ಲಿ ಆ ಬೀಜ ಕರೆ ಕೇಳಿ ಮೊಳೆಯುತ್ತದೆ, ಹಿಡಿಯಲು ಏನೂ ಸಿಗದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಂದು ಬೆಳೆ ಬದಲಿಸಿದರೆ ನೆಲದಲ್ಲಿ ಕೂಡಿಟ್ಟ ಕೇಡಿನ ಒಂದು ಪಾಲು ಯಾರನ್ನೂ ತಿನ್ನದೆ ತೀರಿಹೋಗುತ್ತದೆ. ಸಂಚಿತವನ್ನು ಉಂಡೇ ತೀರಿಸಬೇಕು ಎನ್ನುವವರ ಮುಂದೆ ನಾನು ಈ ಹತ್ತಿಯ ಹೊಲವನ್ನು ಇಡುತ್ತೇನೆ.

ಶಾಸ್ತ್ರಿಗಳು ಹೊಲದ ಬೀಜ ಎನ್ನುತ್ತ ನಿಜವಾಗಿ ವರ್ಣಿಸುವುದು ಹಗೇವಿನ ಕಾಳನ್ನು ಎಂದು ನನಗನ್ನಿಸುತ್ತದೆ. ನಮ್ಮ ಮುತ್ಯಾನ ಕಾಲದಲ್ಲಿ ಮನೆಯಂಗಳದಲ್ಲಿ ಆಳದ ಹಗೇವು ಇತ್ತು. ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಎಷ್ಟು ಚೀಲ ಹಾಕಿದೆ ಎಂದು ಒಡೆಯನಿಗೆ ಲೆಕ್ಕ ಗೊತ್ತು. ಬಾಯಿ ತೆರೆದ ದಿನ ಹಾಕಿದ್ದನ್ನೆಲ್ಲ ಎತ್ತಿ ಉಣ್ಣುವುದೇ. ಕರ್ಮವೂ ಹಾಗೆ ಲೆಕ್ಕವಿಟ್ಟು ಮುಚ್ಚಿದ ದಾಸ್ತಾನು ಎಂಬ ಕಲ್ಪನೆ ನಮ್ಮ ಜನರಿಗೆ ಸಹಜವಾಗಿ ಬಂದಿದೆ. ಆದರೆ ಹೊಲದ ಮಣ್ಣಿಗೆ ಲೆಕ್ಕ ಇಡುವ ಒಡೆಯನಿಲ್ಲ. ಅಲ್ಲಿ ಬಿದ್ದದ್ದನ್ನು ಇರುವೆ ಒಯ್ಯುತ್ತದೆ, ಹುಳ ಕೊರೆಯುತ್ತದೆ, ಬೂಷ್ಟು ತಿನ್ನುತ್ತದೆ. ಬೇಸಿಗೆಯಲ್ಲಿ ನಮ್ಮ ಎರಿ ಆಳಿನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಸೀಳುತ್ತದೆ, ಸೀಳು ಗಜದುದ್ದ ಆಳಕ್ಕೆ ಇಳಿಯುತ್ತದೆ. ಮೇಲಿನ ಬೀಜ ಆ ಸೀಳಿನಲ್ಲಿ ಜಾರುತ್ತದೆ. ಮುಂಗಾರಿನ ನೀರು ಹೀರಿ ಮಣ್ಣು ಉಬ್ಬಿದಾಗ ಸೀಳು ಮುಚ್ಚಿಕೊಳ್ಳುತ್ತದೆ. ಅಷ್ಟು ಆಳದಲ್ಲಿ ಮೊಳೆತ ಸಣ್ಣ ಬೀಜ ಬೆಳಕು ಮುಟ್ಟುವ ಮೊದಲೇ ತನ್ನ ಬುತ್ತಿ ತೀರಿ ಸಾಯುತ್ತದೆ.

1879ರಲ್ಲಿ ಮಿಷಿಗನ್‌ನ ವಿಲಿಯಂ ಜೇಮ್ಸ್ ಬೀಲ್ ಎಂಬ ಅಧ್ಯಾಪಕ ಇಪ್ಪತ್ತು ಸೀಸೆಗಳಲ್ಲಿ ಮರಳಿನೊಂದಿಗೆ ಬೀಜ ಬೆರೆಸಿ ನೆಲದಲ್ಲಿ ಹೂತಿಟ್ಟ. ಒಂದೊಂದು ಸೀಸೆಯಲ್ಲೂ ಇಪ್ಪತ್ತಕ್ಕೂ ಹೆಚ್ಚು ಬಗೆಯ ಗಿಡಗಳ ಐವತ್ತೈವತ್ತು ಬೀಜ. ಅವನು ಸತ್ತರೂ ಪ್ರಯೋಗ ಸಾಯಲಿಲ್ಲ. ಒಬ್ಬರ ನಂತರ ಒಬ್ಬರು ವಿಜ್ಞಾನಿಗಳು ಸೀಸೆ ತೆಗೆಯುತ್ತ ಬಂದಿದ್ದಾರೆ. ಕೊನೆಯದನ್ನು ತೆಗೆಯುವುದು 2100ರಲ್ಲಿ. 2021ರಲ್ಲಿ ತೆಗೆದ ಸೀಸೆಯಲ್ಲಿ ಮೊಳೆತದ್ದು ವರ್ಬಾಸ್ಕಮ್ ಎಂಬ ಹೂಗಿಡದ ಬೀಜಗಳು ಮಾತ್ರ. 142 ವರ್ಷ ಕಾದು ಎದ್ದ ಆ ಬೀಜಕ್ಕೆ ಕೈಮುಗಿಯಬೇಕೆನಿಸುತ್ತದೆ ನಿಜ. ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ ಸುಮಾರು 1300 ವರ್ಷ ಹಳೆಯ ಕಮಲದ ಬೀಜ ಮೊಳೆತದ್ದಕ್ಕೂ ಹಾಗೆಯೇ. ಆದರೆ ಇವು ಅಪರೂಪದವು. ನೆಲಕ್ಕೆ ಬಿದ್ದವುಗಳಲ್ಲಿ ಬಹುಪಾಲು ಫಲ ಕೊಡದೆಯೇ ಮಣ್ಣಾಗುತ್ತವೆ. ಬೀಜದ ದೃಷ್ಟಾಂತ ಕರ್ಮಕ್ಕೆ ನಿಜವಾಗಿ ಹೊಂದುತ್ತದೆ ಎಂದಾದರೆ ನಾವು ಮಾಡಿದ ಕೆಡುಕಿನ ಬಹುಪಾಲು ಫಲವಾಗದೆ ಕರಗುತ್ತದೆ ಎಂದೂ ಒಪ್ಪಬೇಕು. ನಾವು ಮಾಡಿದ ಒಳಿತಿನ ಬಹುಪಾಲೂ ಹಾಗೆಯೇ ಕರಗುತ್ತದೆ. ಈ ಎರಡನೆಯದು ನನಗೆ ಹೆಚ್ಚು ಕಷ್ಟದ ಮಾತು. ಆದರೂ ನಿಜ ಎಂದೇ ಕಾಣುತ್ತದೆ.

ಹಿಂದಿನವರಿಗೆ ಇದು ಹೊಳೆದಿರಲಿಲ್ಲ ಎಂದಲ್ಲ. ಯೋಗಸೂತ್ರಕ್ಕೆ ಭಾಷ್ಯ ಬರೆದ ವ್ಯಾಸರು ಸುಟ್ಟ ಬೀಜದ ಮಾತು ಹೇಳುತ್ತಾರೆ: ಜ್ಞಾನದ ಬೆಂಕಿಯಲ್ಲಿ ಹುರಿದ ಕ್ಲೇಶ ಮತ್ತೆ ಮೊಳೆಯಲಾರದು. ಬೀಜದ ಮಾತನ್ನು ಬೌದ್ಧರೂ ಆಡಿದ್ದಾರೆ, ಅವರ ನೆಲೆ ನಮ್ಮ ಸೀಮೆಯಲ್ಲೂ ಇತ್ತು. ಭೀಮಾ ದಂಡೆಯಲ್ಲೇ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿ ನಿಂತಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಮಣ್ಣಿನಡಿಯಿಂದ ಒಂದು ಮಹಾಸ್ತೂಪವೇ ಎದ್ದಿತು. ಬುದ್ಧನ ಹಾದಿಯಲ್ಲೇ ಮುಂದೆ ಬಂದ ಅಸಂಗ, ವಸುಬಂಧು ಎಂಬ ತತ್ವಜ್ಞಾನಿಗಳು ಮನಸ್ಸಿನ ತಳದಲ್ಲಿ ಒಂದು ಆಲಯವಿದೆ, ಮಾಡಿದ್ದೆಲ್ಲ ಅಲ್ಲಿ ಬೀಜವಾಗಿ ಇಳಿಯುತ್ತದೆ ಎಂದರು. ಆ ಬೀಜಗಳು ಅನಾದಿಯೋ, ಹೊಸದಾಗಿ ಬಿದ್ದವೋ ಎಂದು ಅವರ ಪರಂಪರೆಯಲ್ಲಿ ದೊಡ್ಡ ವಾದ ನಡೆಯಿತು. ಎರಡೂ ಇವೆ ಎಂಬ, ಅದೇ ಪರಂಪರೆಯ ಧರ್ಮಪಾಲನ ಉತ್ತರವನ್ನು ಯಾತ್ರಿಕ ಹುಯೆನ್‌ತ್ಸಾಂಗ್ ಚೀನಾಕ್ಕೆ ಒಯ್ದ. ಮಣ್ಣಿನ ತಟ್ಟೆ ನೋಡಿದ ನನಗೆ ಆ ಉತ್ತರ ಸರಿ ಎನಿಸುತ್ತದೆ. ವ್ಯಾಸರ ಬೆಂಕಿಯನ್ನೂ ಒಪ್ಪುತ್ತೇನೆ. ಆದರೆ ಬೀಜದ ಶಕ್ತಿ ಕಳೆಯುವುದಕ್ಕೆ ಯೋಗಿಯ ಜ್ಞಾನವೊಂದೇ ದಾರಿಯಲ್ಲ. ಇರುವೆ, ನೆರಳು, ಹತ್ತಿಯ ಬೇರು, ಕಾಲ ಎಲ್ಲವೂ ಆ ಕೆಲಸ ಮಾಡುತ್ತಿವೆ. ಯೋಗಿಯಲ್ಲದವರ ಮೇಲೂ ಕೃಪೆ ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಕಿಲ್ಲ.

ನಮ್ಮ ಓಣಿಯ ಆ ಹೆಣ್ಣುಮಗಳ ಹೊಲಕ್ಕೆ ಬರುತ್ತೇನೆ. ಅವಳ ತೊಗರಿಯನ್ನು ಕೊಂದದ್ದು ನೆಲದಲ್ಲಿ ಉಳಿದಿದ್ದ ಫ್ಯುಸೇರಿಯಂ ಎಂಬ ಬೂಷ್ಟು. ವರ್ಷಗಟ್ಟಲೆ ಮಣ್ಣಿನಲ್ಲಿರುತ್ತದೆ. ತೊಗರಿಯ ಮೇಲೆ ತೊಗರಿ ಬಿತ್ತಿದಷ್ಟೂ ಹೆಚ್ಚುತ್ತದೆ, ನಡುವೆ ಜೋಳ ಬಿತ್ತಿದರೆ ಕುಗ್ಗುತ್ತದೆ. ಅವಳ ಗಂಡ ಜೋಳ ಬಿಟ್ಟು ಪ್ರತಿ ವರ್ಷ ತೊಗರಿಯನ್ನೇ ಬಿತ್ತಿದ್ದು ಜೋಳಕ್ಕೆ ಬೆಲೆ ಇಲ್ಲವೆಂದು, ಸಾಲಕ್ಕೆ ರೊಕ್ಕದ ಬೆಳೆಯೇ ಬೇಕೆಂದು. ಆ ಸಂಚಿತದಲ್ಲಿ ಪೇಟೆಯ ಪಾಲಿದೆ, ಸಾಲ ಕೊಟ್ಟವರ ಪಾಲಿದೆ, ಅಗ್ಗದ ಅಕ್ಕಿಗೆ ಒಗ್ಗಿ ರೊಟ್ಟಿ ಬಿಟ್ಟ ನಮ್ಮೆಲ್ಲರ ಪಾಲಿದೆ. ಅವಳ ಹಿಂದಿನ ಜನ್ಮದ ಪಾಲು ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇದನ್ನು ನಾನು ಅವಳಿಗೆ ಹೇಳಿದೆ. “ಹಂಗಂದ್ರ ನಂದೇನೂ ತಪ್ಪಿಲ್ಲೇನ್ರಿ ಅಕ್ಕೋರೆ?” ಎಂದು ಕೇಳಿ ಬಹಳ ಹೊತ್ತು ಸುಮ್ಮನೆ ಕೂತಳು. ಮುಂದಿನ ಹಿಂಗಾರಿಗೆ ಜೋಳ ಬಿತ್ತಿದಳು. ದುಃಖ ಹೋಗಿಲ್ಲ.

ನೆಲದಲ್ಲಿ ಇಲ್ಲದ್ದನ್ನು ಹೊರಗಿನಿಂದ ತರುವ ಧರ್ಮವೂ ನಮ್ಮ ಸೀಮೆಯಲ್ಲೇ ಇದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಕೂಡುವಲ್ಲಿ, ನರಸಿಂಹ ಸರಸ್ವತಿ ಗುರುಗಳು ತೊನ್ನು ಹತ್ತಿದ ನರಹರಿಗೆ ಒಣಗಿದ ಅತ್ತಿಯ ಕಟ್ಟಿಗೆ ಕೊಟ್ಟು ನೆಟ್ಟು ನೀರೆರೆ ಎಂದ ಕಥೆ ಗುರುಚರಿತ್ರೆಯಲ್ಲಿದೆ. ಊರವರು ನಕ್ಕರೂ ಅವನು ನೀರು ಹೊತ್ತ, ಕೊನೆಗೆ ಕಟ್ಟಿಗೆ ಚಿಗುರಿತು. ಭಕ್ತರು ಚಿಗುರಿದ್ದನ್ನು ನೆನೆಯುತ್ತಾರೆ, ನಾನು ಹೊತ್ತ ಕೊಡಗಳನ್ನು ನೆನೆಯುತ್ತೇನೆ. 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ತಮ್ಮ ಹೊಲದ ತೆನೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರು ಎಂದು ನಮ್ಮ ಜನ ಹೇಳುತ್ತಾರೆ. ಕವಣೆ ಬೀಸಿ ಹಕ್ಕಿ ಓಡಿಸದ ಹೊಲಕ್ಕೆ ಹಕ್ಕಿ ಬರೀ ಹೊಟ್ಟೆಯಲ್ಲಿ ಬರುವುದಿಲ್ಲ. ಅದು ತರುವ ಬೀಜ ಒಡ್ಡಿನ ಮೇಲೆ ಮರವಾಗುತ್ತದೆ. ದಾಸೋಹವೆಂದರೆ ಉಣಿಸುವುದು ಎಂದಷ್ಟೇ ತಿಳಿದಿದ್ದ ನನಗೆ ಅದು ಬಿತ್ತುವುದೂ ಹೌದು ಎಂದು ಈಗ ಕಾಣುತ್ತದೆ.

ಎರಡು ಕೆಲಸಗಳನ್ನು ಊರವರಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಈಗೀಗ ಹೂಳುವ ಜಾಗವನ್ನು ಸ್ವಚ್ಛ ಮಾಡುತ್ತೇವೆ ಎಂದು ಜೆಸಿಬಿ ತರುತ್ತಾರೆ, ಮೇಲ್ಮಣ್ಣು ಕೆರೆದು ಪೇವರ್ಸ್ ಹಾಕಿಸುತ್ತಾರೆ. ಜೀವವಿರುವ ಬೀಜಗಳಲ್ಲಿ ಹೆಚ್ಚಿನವು ಮೇಲಿನ ಒಂದು ಗೇಣಿನೊಳಗೇ ಇರುತ್ತವೆ. ಮುತ್ಯಾ ಮುತ್ತಜ್ಜಂದಿರ ಮೇಲೆ ಹೊದ್ದ ಆ ಗೇಣು ಮಣ್ಣನ್ನು ಟ್ರ್ಯಾಕ್ಟರಿಗೆ ಹೇರಿದರೆ ಊರಿನ ಹುಲ್ಲು ಹೂವುಗಳ ಕೊನೆಯ ದಾಸ್ತಾನು ಹೋಗುತ್ತದೆ. ದಾರಿಯಷ್ಟು ಜಾಗ ಹಸನು ಮಾಡಿ ಉಳಿದದ್ದನ್ನು ಬಿಡಿ. ಬಳ್ಳಾರಿ ಜಾಲಿಯೊಂದನ್ನು ಮಾತ್ರ ಬೇರು ಸಹಿತ ಕೀಳಿ.

ಇನ್ನೊಂದು ಬೇವಿನದು. ಅದರ ಹಣ್ಣು ಕಾರಹುಣ್ಣಿಮೆಯ ಆಸುಪಾಸಿಗೆ ಉದುರುತ್ತದೆ. ಅವತ್ತೇ ಆರಿಸಿ, ತಿರುಳು ತೊಳೆದು, ನೆರಳಲ್ಲಿ ಆರಲು ಬಿಟ್ಟು, ಮೊದಲ ಹದ ಮಳೆಗೆ ಒಡ್ಡಿನ ಗುಂಟ ಊರಬೇಕು. ಈ ಮಾತನ್ನು ಪುರಾಣದಲ್ಲಿ ಹೇಳಿರಿ ಎಂದು ಶಾಸ್ತ್ರಿಗಳನ್ನು ಕೇಳಿಕೊಂಡಾಗ, ಶ್ರಾವಣದಲ್ಲಿ ಖಂಡಿತ ಹೇಳುತ್ತೇನೆ ಎಂದರು. ಶ್ರಾವಣದ ಹೊತ್ತಿಗೆ ಬೀಜ ಸತ್ತಿರುತ್ತದೆ, ಕಾರಹುಣ್ಣಿಮೆಯ ದಿನ ಎತ್ತು ಓಡಿಸಲು ಊರೆಲ್ಲ ಅಗಸಿಯ ಮುಂದೆ ನೆರೆದಾಗಲೇ ಹೇಳಬೇಕು ಎಂದೆ. ಒಪ್ಪಿದ್ದಾರೆ.